ಚೌಕಾಸಿಗೆ ಮೊದಲು ಹಲ್ಲು ಎಣಿಸಿರಿ

ಅಡಿಕೆ, ಕಾಫಿ ಕೊಯ್ಲು ಮುಗಿದ ಮೇಲೆ ತೋಟದ ಜೀಪನ್ನು ರಿಪೇರಿಗೆ ಬಿಡುವುದು ನಮ್ಮ ಬೆಳೆಗಾರ ಬಾಂಧವರ ವಾಡಿಕೆ. ಮಹೀಂದ್ರ ಸಂಸ್ಥೆಯವರು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದರು. ಆ ಹಳೆಯ ಮಾದರಿಗಳ ಬಿಡಿಭಾಗಗಳಿಗೆ ಈಗ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಇಲ್ಲವೇ ನಮ್ಮ ಶಿವಮೊಗ್ಗ-ಭದ್ರಾವತಿಯ ಹಳೇ ಸಾಮಾನಿನ ಅಂಗಡಿಗಳೇ ಗತಿ. ಅಮೆರಿಕದ ಹರ್ಷಿ ಎಂಬ ಊರಿನಲ್ಲಿ 1955ರಲ್ಲಿ ಆರಂಭವಾದ ಹಳೆಯ ಕಾರುಗಳ ಮೇಳವು ಇಂದು ಬಿಡಿಭಾಗಗಳ ದೊಡ್ಡ ಜಾತ್ರೆಯೇ ಆಗಿದೆ. ಎಲ್ಲಿಯಾದರೂ ಕೊಳ್ಳುವವನ ಜಾಣತನವೇ ಅವನಿಗೆ ಕಾವಲು. ಈ ಪಾಠವನ್ನು ನಾವು ನಷ್ಟಪಟ್ಟು ಕಲಿತೆವು.

ಕೆಲವು ವರ್ಷಗಳ ಹಿಂದೆ ನಮ್ಮ ಜೀಪಿನ ಹಿಂದಿನ ಕ್ರೌನ್-ಪಿನಿಯನ್ ಸವೆದುಹೋಯಿತು. ವಿದ್ಯಾನಗರದ ಮೇಸ್ತ್ರಿ ಬಿಚ್ಚಿ ನೋಡಿ, "ಹಳೇ ಜೋಡಿ ಕೈಲಿ ಹಿಡ್ಕೊಂಡೇ ಹೋಗಿ ಸಾರ್, ಹಲ್ಲು ಲೆಕ್ಕ ಮಾಡಿ ತನ್ನಿ" ಎಂದರು. ಗ್ರೀಸಿನ ಸಾಮಾನನ್ನು ಹೊತ್ತು ತಿರುಗುವುದು ಯಾರೆಂದು ಬರಿಗೈಯಲ್ಲೇ ಹೋದೆವು.

ಅಂಗಡಿಯಾತ 9,000 ರೂಪಾಯಿ ಹೇಳಿದ. ನಾವು 5,000ಕ್ಕೆ ಕೇಳಿದೆವು. "ಇನ್ನೂ ಬೋಣಿ ಆಗಿಲ್ಲ ಸಾರ್" ಎಂದ. ಎದ್ದು ನಾಲ್ಕು ಹೆಜ್ಜೆ ನಡೆದೆವು; ಕರೆದ. 6,500ಕ್ಕೆ ತೀರ್ಮಾನವಾಯಿತು. ಮರಳಿದಾಗ ಮೇಸ್ತ್ರಿ ಮದುವೆಗೆ ಹೋಗಿದ್ದರು. ಕಾಯುವ ತಾಳ್ಮೆಯಿಲ್ಲದೆ ಹುಡುಗನ ಕೈಯಿಂದಲೇ ಜೋಡಿಸಿಕೊಂಡು ಬಂದೆವು.

ಬೇಸಿಗೆಯಲ್ಲಿ ಹಿಂದಿನ ಚಕ್ರಗಳ ಬಲದಿಂದಲೇ ಓಡಿಸುವಾಗ ದೋಷ ಕಾಣಲಿಲ್ಲ. ಮಳೆಗಾಲದಲ್ಲಿ ಎರಡನೆಯ ಸಲದ ಬೋರ್ಡೋ ಸಿಂಪರಣೆಗೆ ಮೈಲುತುತ್ತ, ಸುಣ್ಣ, ಡ್ರಮ್ಮು ಹೇರಿಕೊಂಡು ಏರಿಯಲ್ಲಿ ನಾಲ್ಕು ಚಕ್ರದ ಗೇರು ಹಾಕಿದೆವು. ಗಾಡಿ ಜಗ್ಗಾಡಿತು, ಟ್ರಾನ್ಸ್‌ಫರ್ ಕೇಸಿನೊಳಗೆ ಹಲ್ಲು ಮುರಿದು ಅಲ್ಲೇ ನಿಂತಿತು. ಬಿಚ್ಚಿದಾಗ ಕಾರಣ ತಿಳಿಯಿತು. ಮುಂದಿನ ಜೋಡಿಯಲ್ಲಿ 43 ಮತ್ತು 8 ಹಲ್ಲು, ಅಂದರೆ ಪ್ರಮಾಣ 5.38. ನಾವು ತಂದದ್ದು 39 ಮತ್ತು 8, ಅಂದರೆ 4.88. ಮುಂದಿನ ಚಕ್ರ ಒಂದು ವೇಗದಲ್ಲಿ, ಹಿಂದಿನದು ಇನ್ನೊಂದು ವೇಗದಲ್ಲಿ ತಿರುಗಲೆಳಸಿದರೆ ಆ ಸೆಳೆತವೆಲ್ಲ ನಡುವಿನ ಗೇರುಗಳ ಮೇಲೆ ಬೀಳುತ್ತದೆ.

ರಿಪೇರಿ ಮುಗಿಯುವಷ್ಟರಲ್ಲಿ ಕೊನೆಗೌಡರು ಬೇರೆ ತೋಟಕ್ಕೆ ಹೋಗಿದ್ದರು. ಔಷಧಿ ತಡವಾಯಿತು, ಕೊಳೆ ಹತ್ತಿತು. 2,500 ರೂಪಾಯಿ ಉಳಿಸಿದ ನಮ್ಮ ಚೌಕಾಸಿಯ ನಿಜವಾದ ಬೆಲೆ ಮರದ ಬುಡದಲ್ಲಿ ಉದುರಿ ಬಿದ್ದಿತ್ತು.

ಆದುದರಿಂದ ಸದಸ್ಯರಲ್ಲಿ ನಮ್ಮ ವಿನಂತಿ: ಹಳೆಯ ಭಾಗವನ್ನು ಜೊತೆಗೇ ಒಯ್ಯಿರಿ. ಕ್ರೌನ್-ಪಿನಿಯನ್ನನ್ನು ಜೋಡಿಯಾಗಿಯೇ ಕೊಳ್ಳಿರಿ. ಹಲ್ಲು ಎಣಿಸಿ, ಬಿರುಕು ನೋಡಿ, ಆಮೇಲೆ ಬೆಲೆ ಮಾತಾಡಿರಿ. ಹೊಂದದಿದ್ದರೆ ಹಿಂದಕ್ಕೆ ಪಡೆಯುವುದಾಗಿ ಚೀಟಿ ಬರೆಸಿಕೊಳ್ಳಿರಿ. ಬ್ರೇಕಿನ ರಬ್ಬರು, ಹೋಸುಗಳನ್ನು ಮಾತ್ರ ಎಷ್ಟೇ ಅಗ್ಗವಾದರೂ ಹಳೆಯದು ಕೊಳ್ಳಬೇಡಿರಿ; ಜೀಪಿನಲ್ಲಿ ಆಳುಗಳೂ ಕೂರುತ್ತಾರೆ. ಇಡೀ ಗಾಡಿಯನ್ನು ಬಿಚ್ಚಿ ಮಾರುವವರು 1988ರ ಮೋಟಾರು ವಾಹನ ಕಾಯಿದೆಯಂತೆ ನೋಂದಣಿ ರದ್ದತಿಗಾಗಿ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು.

ಹೆಚ್ಚಾಗಿರುವ ಬಿಡಿಭಾಗಗಳನ್ನು ಸದಸ್ಯರು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳಲೆಂದು ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಬರೆಯುವಾಗ ಹಲ್ಲಿನ ಸಂಖ್ಯೆಯನ್ನೂ ಕಾಣಿಸತಕ್ಕದ್ದು. ಮೊದಲ ಪುಟದಲ್ಲಿ ನಮ್ಮ 39-8ರ ಜೋಡಿಯೇ ಇದೆ. ಹೊಂದುವವರು ಬಂದು ಎಣಿಸಿ ಒಯ್ಯಬಹುದು. ಚೌಕಾಸಿಗೂ ನಾವು ಸಿದ್ಧ.