ಲೋಹಕ್ಕೆ ನೀರಿನ ಕವಚ

ಹಾಲು ಕಾಯಿಸಿದ ಸ್ಟೀಲ್ ಪಾತ್ರೆಯನ್ನು ಎಂದಾದರೂ ತಿಕ್ಕಿದ್ದೀರಾ? ತಳಕ್ಕೆ ಹಿಡಿದ ಬಿಳಿ ಪದರ ಸುಲಭವಾಗಿ ಬಿಡುವುದಿಲ್ಲ. ಅದರಲ್ಲಿ ಮುಖ್ಯವಾಗಿರುವುದು ಪ್ರೋಟೀನು ಮತ್ತು ಕ್ಯಾಲ್ಸಿಯಂ ಲವಣ. ಬಿಸಿಯೇರಿದಾಗ ಪ್ರೋಟೀನಿನ ಅಣು ತನ್ನ ಮಡಿಕೆ ಬಿಚ್ಚಿಕೊಂಡು ಲೋಹಕ್ಕೆ ಅಂಟುತ್ತದೆ. ಪಾತ್ರೆಯನ್ನಾದರೆ ತಿಕ್ಕಿ ತೊಳೆಯಬಹುದು. ಲೋಹ ನಮ್ಮ ರಕ್ತನಾಳದೊಳಗೇ ಇದ್ದರೆ?

ಹೃದಯದ ರಕ್ತನಾಳ ಕಿರಿದಾದಾಗ ವೈದ್ಯರು ಅಲ್ಲಿ ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆಯನ್ನು ಕೂರಿಸುತ್ತಾರೆ. ಒಂದು ಲೀಟರ್ ರಕ್ತರಸದಲ್ಲಿ ಸುಮಾರು 70 ಗ್ರಾಂ ಪ್ರೋಟೀನು ಇರುತ್ತದೆ. ಬರಿಯ ಲೋಹಕ್ಕೆ ರಕ್ತ ತಾಗಿದ ಕೆಲವೇ ಕ್ಷಣಗಳಲ್ಲಿ ಪ್ರೋಟೀನು ಅದರ ಮೇಲೆ ಕೂರುತ್ತದೆ. ಇಲ್ಲಿ ಬಿಸಿಯೂ ಬೇಕಿಲ್ಲ. ಹಾಗೆ ಕುಳಿತ ಫೈಬ್ರಿನೋಜೆನ್ ಎಂಬ ಪ್ರೋಟೀನಿಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ರಕ್ತ ಹೆಪ್ಪುಗಟ್ಟಬಹುದು. ಸ್ಟೆಂಟ್ ಹಾಕಿಸಿಕೊಂಡವರು ತಿಂಗಳುಗಟ್ಟಲೆ ಹೆಪ್ಪು ತಡೆಯುವ ಮಾತ್ರೆ ನುಂಗುವುದು ಈ ಅಪಾಯದಿಂದಾಗಿಯೇ.

ಲೋಹಕ್ಕೆ ಪಾಲಿಮರ್ ಲೇಪನ ಕೊಡುವುದು ಇದಕ್ಕೆ ಒಂದು ಉಪಾಯ. ಇವುಗಳಲ್ಲಿ ಬಹಳವಾಗಿ ಅಧ್ಯಯನಕ್ಕೆ ಒಳಗಾಗಿರುವುದು ಪಾಲಿಎಥಿಲೀನ್ ಗ್ಲೈಕಾಲ್. ಇದರ ಉದ್ದನೆಯ ಸರಪಳಿಯಲ್ಲಿ ಸಾಲಾಗಿರುವ ಆಮ್ಲಜನಕದ ಪರಮಾಣುಗಳು ಜಲಜನಕ ಬಂಧದ ಮೂಲಕ ನೀರಿನ ಅಣುಗಳನ್ನು ಹಿಡಿದಿಡುತ್ತವೆ. ಪ್ರೋಟೀನು ಲೋಹವನ್ನು ಮುಟ್ಟಬೇಕಾದರೆ ಆ ನೀರನ್ನು ಹೊರದೂಡಬೇಕು, ಬಳುಕಾಡುವ ಸರಪಳಿಗಳನ್ನು ಅದುಮಬೇಕು. ಅದಕ್ಕೆ ಶಕ್ತಿ ಬೇಕು. ಆದ್ದರಿಂದ ಪ್ರೋಟೀನು ಅಂಟದೆ ಮುಂದೆ ಸಾಗುತ್ತದೆ. ನಿಜವಾದ ಕಾವಲುಗಾರ ನೀರು; ಪಾಲಿಮರ್ ಅದನ್ನು ಅಲ್ಲಿ ಹಿಡಿದು ನಿಲ್ಲಿಸುತ್ತದೆ. ಆದರೆ ಸರಪಳಿಗಳು ಗದ್ದೆಯ ಪೈರಿನಂತೆ ಒತ್ತಾಗಿರಬೇಕು. ವಿರಳವಾದರೆ ಪ್ರೋಟೀನು ನಡುವೆ ನುಸುಳುತ್ತದೆ.

ಇನ್ನೊಂದು ತೊಡಕಿದೆ. ನೀರನ್ನು ಇಷ್ಟು ಬಯಸುವ ಪಾಲಿಮರ್ ನೀರಿನಲ್ಲೇ ಕರಗಿಹೋಗುತ್ತದೆ. ಅದನ್ನು ಲೋಹಕ್ಕೆ ಕಟ್ಟುವುದು ಹೇಗೆ? ಒಂದು ಉತ್ತರ ಸಮುದ್ರದಿಂದ ಬಂತು. ನಮ್ಮ ಕರಾವಳಿಯವರು ಪಚ್ಚಿಲೆ ಎಂದು ಕರೆಯುವ ಚಿಪ್ಪುಜೀವಿಯನ್ನು ಬಲ್ಲಿರಾ? ಅಲೆಯ ಹೊಡೆತದಲ್ಲೂ ಅದು ಬಂಡೆಯನ್ನು ಬಿಡುವುದಿಲ್ಲ. ಈ ಜಾತಿಯ ಜೀವಿಗಳ ಅಂಟಿನಲ್ಲಿ ಡೋಪಾ ಎಂಬ ಅಮೈನೋ ಆಮ್ಲವಿದೆ. ಟೈಟಾನಿಯಮ್ಮಿನಂಥ ಲೋಹಗಳ ಮೇಲಿರುವ ತೆಳ್ಳನೆಯ ಆಕ್ಸೈಡ್ ಪೊರೆಯನ್ನು ಅದು ಬಿಗಿಯಾಗಿ ಹಿಡಿಯಬಲ್ಲದು. 2003ರಲ್ಲಿ ಅಮೆರಿಕದ ಫಿಲಿಪ್ ಮೆಸ್ಸರ್‌ಸ್ಮಿತ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಯ ತುದಿಗೆ ಡೋಪಾ ಜೋಡಿಸಿ, ಚಿನ್ನ ಮತ್ತು ಟೈಟಾನಿಯಂ ಮೇಲೆ ನಿಲ್ಲಿಸಿ ತೋರಿಸಿದರು. ಅಂಟಿನ ಗುಟ್ಟೇ ಅಂಟದಂತೆ ಮಾಡುವ ಲೇಪನಕ್ಕೆ ಆಧಾರವಾಯಿತು!

ಸಮಸ್ಯೆ ಇಲ್ಲಿಗೇ ಮುಗಿಯಲಿಲ್ಲ. ಈ ಪಾಲಿಮರ್ ಕಾಲಕ್ರಮದಲ್ಲಿ ಆಮ್ಲಜನಕದೊಡನೆ ವರ್ತಿಸಿ ಸವೆಯುತ್ತದೆ. ಸ್ಟೆಂಟ್ ಆದರೋ ದೇಹದಲ್ಲಿ ವರ್ಷಾನುಗಟ್ಟಲೆ ಉಳಿಯಬೇಕು. ಅಷ್ಟು ಕಾಲ ಬಾಳುವ ಕವಚಕ್ಕಾಗಿ ಹುಡುಕಾಟ ನಡೆದೇ ಇದೆ. ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡನ್ನೂ ಪ್ರೀತಿಯಿಂದ ಓದುವವರಿಗೆ ಇಲ್ಲಿ ಕೆಲಸವಿದೆ.