ದೆವ್ವದ ಮನೆಯಲ್ಲಿ ಧೀರ ನಾಯಕಿ

ಪತ್ತೇದಾರಿ ಕಥೆಯೆಂದರೆ ಮೂಗು ಮುರಿಯುವವರುಂಟು. ಪ್ರಣಯಕಥೆಯೆಂದರೆ ಮುಖ ತಿರುಗಿಸುವವರೂ ಉಂಟು. ದೆವ್ವದ ಕಥೆಯಾದರೋ ಮಕ್ಕಳನ್ನು ಮಲಗಿಸುವುದಕ್ಕೆ ಅಜ್ಜಿಯಂದಿರು ಹೇಳತಕ್ಕದ್ದೆಂದು ಬಹುಜನರ ತೀರ್ಮಾನ. ಹೀಗಿರಲು, ಈ ಮೂರನ್ನೂ ಒಂದೇ ಪಾಕದಲ್ಲಿ ಬೆರೆಸಿ, ನಡುವೆ ಧೈರ್ಯವಂತೆಯಾದ ಒಬ್ಬ ಹೆಂಗಸನ್ನು ನಿಲ್ಲಿಸಿ, ಅವಳ ಕಥೆಯನ್ನು ಹತ್ತಾರು ಪುಸ್ತಕಗಳವರೆಗೆ ಬೆಳೆಸಿದರೆ, ಅದನ್ನು ಓದುವವರ ಗತಿ ಏನು? ನಾನು ಅಂಥ ಓದುಗರಲ್ಲಿ ಒಬ್ಬಳು. ಹೊತ್ತು ಕಳೆಯಲು ಓದುತ್ತಾಳೆ ಎಂದುಬಿಡುವುದು ಸುಲಭ. ಆದರೆ ಹೊತ್ತು ಕಳೆಯುವುದಕ್ಕೆ ಬೇರೆ ಸಾಧನಗಳು ಬೇಕಾದಷ್ಟಿವೆ. ಇನ್ನೂರು ವರ್ಷಗಳಿಗೂ ಮೇಲ್ಪಟ್ಟು, ಅದರಲ್ಲಿಯೂ ಹೆಂಗಸರು, ಈ ಬಗೆಯ ಕಥೆಯನ್ನು ಬರೆಯುತ್ತಲೂ ಓದುತ್ತಲೂ ಬಂದಿರುವುದಕ್ಕೆ ಏನಾದರೂ ಕಾರಣವಿರಲೇಬೇಕು. ಅದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಕಥೆಗಳ ಸ್ವರೂಪವನ್ನು ನೋಡೋಣ. ಇವುಗಳಲ್ಲಿ ಮೂರು ಎಳೆಗಳಿರುತ್ತವೆ. ಒಂದು, ಕೊಲೆಯೋ ಕಳವೋ ಆಗಿದೆ, ಮಾಡಿದವರು ಯಾರು? ಎರಡು, ಲೋಕದ ನಿಯಮಕ್ಕೆ ಒಗ್ಗದ ಯಾವುದೋ ಒಂದು ಸುಳಿದಾಡುತ್ತಿದೆ; ಅದು ಏನು? ಮೂರು, ಒಬ್ಬ ಗಂಡಸು ನಾಯಕಿಯ ಮನಸ್ಸನ್ನು ಸೆಳೆದಿದ್ದಾನೆ; ಅವನನ್ನು ನಂಬಬಹುದೆ? ಸಾಧಾರಣ ಕಥೆಯಲ್ಲಿ ಈ ಮೂರು ಎಳೆಗಳು ಬೇರೆಬೇರೆಯಾಗಿ ಜೋತಾಡುತ್ತಿರುತ್ತವೆ. ಒಳ್ಳೆಯ ಕಥೆಯಲ್ಲಿ ಇವು ಹೆಣೆದುಕೊಂಡು ಒಂದೇ ಪ್ರಶ್ನೆಯಾಗುತ್ತವೆ: ನನ್ನ ಎದುರಿಗಿರುವ ಈ ಮನುಷ್ಯ ನಿಜವಾಗಿ ಎಂಥವನು? ನಾಯಕಿಯ ಬಲವಿರುವುದು ಈ ಪ್ರಶ್ನೆಯನ್ನು ಕೇಳುವುದರಲ್ಲಿ, ಉತ್ತರ ಸಿಕ್ಕುವ ತನಕ ಬಿಡದಿರುವುದರಲ್ಲಿ. ಅವಳ ಕೈಯಲ್ಲಿ ಕತ್ತಿ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಈ ವಂಶದ ಮೂಲಪುರುಷರಲ್ಲಿ, ಅಲ್ಲ, ಮೂಲಸ್ತ್ರೀಯರಲ್ಲಿ ಮುಖ್ಯಳು ಇಂಗ್ಲೆಂಡಿನ ಆನ್ ರ್‍ಯಾಡ್‌ಕ್ಲಿಫ್. ಅವಳ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ 1794ರಲ್ಲಿ ಹೊರಬಂದಿತು. ಆ ಕಾಲಕ್ಕೆ ದೊಡ್ಡ ಮೊತ್ತವಾಗಿದ್ದ 500 ಪೌಂಡುಗಳನ್ನು ಪ್ರಕಾಶಕರು ಅದಕ್ಕಾಗಿ ಕೊಟ್ಟರು. ತಂದೆತಾಯಿಯರನ್ನು ಕಳೆದುಕೊಂಡ ಎಮಿಲಿ ಎಂಬ ಹುಡುಗಿ ಇಟಲಿಯ ಬೆಟ್ಟಗಳ ನಡುವಣ ಒಂದು ಹಾಳು ಕೋಟೆಯಲ್ಲಿ ಸೆರೆಯಾಗುತ್ತಾಳೆ. ಅಲ್ಲಿ ರಾತ್ರಿ ಸದ್ದುಗಳು ಕೇಳುತ್ತವೆ. ಕರಿಯ ಪರದೆಯ ಹಿಂದೆ ಏನೋ ಇದೆ. ಎಮಿಲಿ ಹೆದರುತ್ತಾಳೆ, ಮೂರ್ಛೆಯನ್ನೂ ಹೋಗುತ್ತಾಳೆ. ಆದರೆ ಎಚ್ಚರವಾದ ಮೇಲೆ ದೀಪ ಹಿಡಿದು ಪುನಃ ಹುಡುಕಲು ಹೊರಡುತ್ತಾಳೆ. ಕಡೆಗೆ ಕೋಟೆಯ ದೆವ್ವಗಳಿಗೆಲ್ಲ ಲೌಕಿಕವಾದ ಕಾರಣಗಳು ಸಿಕ್ಕುತ್ತವೆ. ಪರದೆಯ ಹಿಂದಿದ್ದದ್ದು ಮೇಣದ ಬೊಂಬೆ. ದೆವ್ವ ಸುಳ್ಳಾದರೂ ಭಯ ಸುಳ್ಳಲ್ಲ ಎಂಬುದನ್ನು ಗಮನಿಸಬೇಕು. ಕೋಟೆಯ ಒಡೆಯ ಮೊಂಟೋನಿಗೆ ಬೇಕಾಗಿದ್ದುದು ಎಮಿಲಿಗೆ ಸೇರಬೇಕಾದ ಆಸ್ತಿ. ಕಾಗದಕ್ಕೆ ರುಜು ಹಾಕೆಂದು ಅವನು ಪೀಡಿಸುತ್ತಾನೆ. ಅವಳು ಬಹುಕಾಲ ಒಪ್ಪುವುದಿಲ್ಲ. ಹೆಣ್ಣಿನ ಆಸ್ತಿಯನ್ನು ಗಂಡಸು ಕಸಿದುಕೊಳ್ಳುವ ಕಥೆಗೆ ರ್‍ಯಾಡ್‌ಕ್ಲಿಫ್ ದೆವ್ವದ ವೇಷ ಹಾಕಿದ್ದಾಳೆ.

ಜೇನ್ ಆಸ್ಟಿನ್ ತನ್ನ ‘ನಾರ್ಥ್ಯಾಂಗರ್ ಅಬೆ’ಯಲ್ಲಿ ಇಂಥ ಪುಸ್ತಕಗಳನ್ನು ಗೇಲಿ ಮಾಡಿದ್ದಾಳೆಂಬುದನ್ನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಅವಳು ತೀರಿಕೊಂಡ ಕೆಲವೇ ತಿಂಗಳ ನಂತರ, 1817ರ ಕೊನೆಯಲ್ಲಿ, ಅದು ಪ್ರಕಟವಾಯಿತು. ‘ಉಡಾಲ್ಫೊ’ ಓದಿ ತಲೆ ತುಂಬಿಸಿಕೊಂಡ ಕ್ಯಾಥರೀನ್ ಎಂಬ ಹುಡುಗಿ ತಾನು ಅತಿಥಿಯಾಗಿ ಹೋದ ಮನೆಯ ಯಜಮಾನ ಹೆಂಡತಿಯನ್ನು ಕೊಂದಿರಬೇಕೆಂದು ಶಂಕಿಸುತ್ತಾಳೆ. ಹಳೆಯ ಬೀರುವಿನಲ್ಲಿ ಸಿಕ್ಕಿದ ‘ರಹಸ್ಯಪತ್ರ’ ಅಗಸರ ಲೆಕ್ಕವಾಗಿರುತ್ತದೆ. ನಗು ಬರುವುದು ಸಹಜವೇ. ಆದರೆ ಅದೇ ಯಜಮಾನ, ಹುಡುಗಿ ಹಣವಂತಳಲ್ಲವೆಂದು ತಿಳಿದೊಡನೆ, ಮುಂಜಾನೆ ಅವಳೊಬ್ಬಳನ್ನೇ ಎಪ್ಪತ್ತು ಮೈಲಿ ದೂರದ ಊರಿಗೆ ಅಟ್ಟಿಬಿಡುತ್ತಾನೆ. ಅವನು ಕೊಲೆಗಾರನಲ್ಲ, ನಿಜ, ಸಜ್ಜನನೂ ಅಲ್ಲ. ಕ್ಯಾಥರೀನಳ ಶಂಕೆಗೆ ವಿವರಗಳು ತಪ್ಪಿದ್ದವು, ಗುರಿ ತಪ್ಪಿರಲಿಲ್ಲ. ಗೇಲಿ ಮಾಡಿದ ಆಸ್ಟಿನ್ನಳೇ ಇಷ್ಟನ್ನು ಒಪ್ಪಿರುವಾಗ, ಇಂಥ ಓದಿನಿಂದ ಹುಡುಗಿಯರ ಬುದ್ಧಿ ಕೆಡುತ್ತದೆಂಬ ಮಾತಿಗೆ ಎಷ್ಟು ಬೆಲೆ ಕೊಡೋಣ?

1847ರ ‘ಜೇನ್ ಐರ್’ನಲ್ಲಿ ಮೂರು ಎಳೆಗಳೂ ಬಿಗಿಯಾಗಿ ಹೆಣೆದುಕೊಂಡಿವೆ. ಮಾಳಿಗೆಯಿಂದ ನಗು ಕೇಳುತ್ತದೆ. ರಾತ್ರಿ ಯಜಮಾನನ ಮಂಚಕ್ಕೆ ಬೆಂಕಿ ಬೀಳುತ್ತದೆ. ನೀರೆರಚಿ ಆರಿಸುವವಳು ಜೇನಳೇ. ಆ ರಹಸ್ಯ ಬಯಲಾಗುವುದು ಅವಳ ಮದುವೆಯ ಮುಹೂರ್ತದಲ್ಲಿ: ವರ ಮಹಾಶಯನಿಗೆ ಆಗಲೇ ಒಬ್ಬ ಹೆಂಡತಿ ಇದ್ದಾಳೆ, ಮಾಳಿಗೆಯಲ್ಲಿ ಕೂಡಿಹಾಕಲ್ಪಟ್ಟಿದ್ದಾಳೆ. ಜೇನ್ ಅವನನ್ನು ಪ್ರೀತಿಸುತ್ತಲೇ, ಬೆಳಗಾಗುವ ಮುನ್ನ ಆ ಮನೆಯನ್ನು ಬಿಟ್ಟು ಹೋಗುತ್ತಾಳೆ. ಮುಂದೆ ಎಷ್ಟೋ ದೂರದಿಂದ ತನ್ನ ಹೆಸರನ್ನು ಕೂಗಿದ ಅವನ ಧ್ವನಿ ಕೇಳಿ ಹಿಂದಿರುಗುತ್ತಾಳೆ. ಈ ಒಂದು ಅಲೌಕಿಕ ಘಟನೆಗೆ ಶಾರ್ಲಟ್ ಬ್ರಾಂಟೆ ಯಾವ ಲೌಕಿಕ ಕಾರಣವನ್ನೂ ಕೊಡುವುದಿಲ್ಲ. ಬಿಟ್ಟು ಹೋಗುವ ಶಕ್ತಿ ಇದ್ದವಳು ಹಿಂದಿರುಗಿದಾಗ ಆ ಹಿಂದಿರುಗುವಿಕೆಗೂ ಗೌರವ ಬರುತ್ತದೆ.

1897ರಲ್ಲಿ ಬಂದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಈ ಕಥೆಗಳಿಗೆ ಎರಡು ಆಸ್ತಿಗಳನ್ನು ಬಿಟ್ಟುಹೋಯಿತು. ಮೊದಲನೆಯದು ಮೀನಾ ಹಾರ್ಕರಳ ಪಾತ್ರ. ಅವಳು ಶೀಘ್ರಲಿಪಿಯನ್ನೂ ಬೆರಳಚ್ಚನ್ನೂ ಬಲ್ಲವಳು. ಎಲ್ಲರ ದಿನಚರಿ, ಕಾಗದಪತ್ರ, ಪತ್ರಿಕೆಯ ತುಣುಕುಗಳನ್ನು ಬೆರಳಚ್ಚು ಮಾಡಿ, ತಾರೀಖಿನ ಪ್ರಕಾರ ಜೋಡಿಸಿ ಇಡುವವಳು ಅವಳು. ಅದಿಲ್ಲದಿದ್ದರೆ ಗಂಡಸರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಆ ಗಂಡಸರು ಅವಳ ಮೇಲಿನ ಕರುಣೆಯಿಂದಲೇ ಮಂತ್ರಾಲೋಚನೆಯಿಂದ ಅವಳನ್ನು ಹೊರಗಿಡುತ್ತಾರೆ. ಆ ದಿನಗಳಲ್ಲೇ ರಕ್ತಪಿಶಾಚಿ ಅವಳ ಮೇಲೆ ಬೀಳುತ್ತದೆ. ಪುನಃ ಅವಳನ್ನು ಸೇರಿಸಿಕೊಂಡ ಮೇಲೆ, ಶತ್ರು ಯಾವ ನದಿಯ ದಾರಿ ಹಿಡಿದಿರಬೇಕೆಂದು ತರ್ಕಿಸಿ ಹೇಳುವವಳೂ ಅವಳೇ. ಎರಡನೆಯ ಆಸ್ತಿ ಹೊಸ್ತಿಲಿನ ನಿಯಮ. ಮನೆಯವರಲ್ಲಿ ಯಾರಾದರೂ ಮೊದಲ ಸಲ ಕರೆಯದೆ ರಕ್ತಪಿಶಾಚಿ ಒಳಗೆ ಬರಲಾರದು. ಈ ಪುಟ್ಟ ನಿಯಮ ನೂರು ವರ್ಷಗಳ ಅನಂತರ ಹೇಗೆ ಫಲ ಕೊಟ್ಟಿತೆಂಬುದನ್ನು ಮುಂದೆ ಹೇಳುತ್ತೇನೆ.

ಒಂದೇ ಪುಸ್ತಕಕ್ಕೆ ಮುಗಿಯದೆ ಕಥೆ ಮಾಲೆಯಾಗಿ ಏಕೆ ಬೆಳೆಯಬೇಕೆಂದು ಕೇಳಬಹುದು. ಒಂಟಿ ಕಾದಂಬರಿ ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತದೆ. ಮಾಂಗಲ್ಯ ಬಿದ್ದ ಮೇಲೆ ನಾಯಕಿ ಏನು ಮಾಡಿದಳೆಂದು ಯಾರೂ ಹೇಳುವುದಿಲ್ಲ. ಮಾಲೆ ಅದನ್ನೂ ಹೇಳಲೇಬೇಕು. ಇದಕ್ಕೆ ಸೊಗಸಾದ ಉದಾಹರಣೆ ಅಮೆರಿಕದ ಬಾರ್ಬರಾ ಮರ್ಟ್ಜ್. ಷಿಕಾಗೋ ವಿಶ್ವವಿದ್ಯಾನಿಲಯದಿಂದ 1952ರಲ್ಲಿ ಪ್ರಾಚೀನ ಈಜಿಪ್ಟಿನ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದ ವಿದುಷಿ ಈಕೆ. ಬಾರ್ಬರಾ ಮೈಕೇಲ್ಸ್ ಎಂಬ ಹೆಸರಿನಲ್ಲಿ ದೆವ್ವದ ನೆರಳಿನ ಪ್ರಣಯಕಥೆಗಳನ್ನೂ, ಎಲಿಜಬೆತ್ ಪೀಟರ್ಸ್ ಎಂಬ ಹೆಸರಿನಲ್ಲಿ ಪತ್ತೇದಾರಿ ಕಥೆಗಳನ್ನೂ ಬರೆದರು. 1975ರ ‘ಕ್ರಾಕಡೈಲ್ ಆನ್ ದಿ ಸ್ಯಾಂಡ್‌ಬ್ಯಾಂಕ್’ನಲ್ಲಿ ಅಮೀಲಿಯಾ ಪೀಬಾಡಿ ಎಂಬ ಅವಿವಾಹಿತೆ ತಂದೆಯ ಆಸ್ತಿ ಕೈಗೆ ಬಂದ ಮೇಲೆ, ಛತ್ರಿ ಹಿಡಿದುಕೊಂಡು ಈಜಿಪ್ಟಿಗೆ ಹೋಗುತ್ತಾಳೆ. ಅಲ್ಲಿ ರಾತ್ರಿ ಹೊತ್ತು ಮಮ್ಮಿಯೊಂದು ಎದ್ದು ನಡೆದಾಡುತ್ತಿರುತ್ತದೆ. ಎಲ್ಲರೂ ನಡುಗುತ್ತಿದ್ದರೆ, ಇದರಿಂದ ಯಾರಿಗೆ ಲಾಭವೆಂದು ಅಮೀಲಿಯಾ ಲೆಕ್ಕ ಹಾಕುತ್ತಾಳೆ. ಅವಳು ಒಲಿದ ಮುಂಗೋಪಿ ಪುರಾತತ್ತ್ವಜ್ಞ ಎಮರ್ಸನ್ನನ ಮೊದಲ ಹೆಸರು ರ್‍ಯಾಡ್‌ಕ್ಲಿಫ್ ಎಂಬುದು ‘ಉಡಾಲ್ಫೊ’ ಓದಿದವರಿಗೆ ಖುಷಿ ಕೊಡುವ ಸಂಗತಿ. ಮದುವೆಯಾಯಿತು, ಮಗನಾದ, ಅಗೆತವೂ ಪತ್ತೇದಾರಿಯೂ ನಿಲ್ಲಲಿಲ್ಲ. ಗಂಡಹೆಂಡಿರ ಜಗಳವೂ ನಿಲ್ಲಲಿಲ್ಲ. ಲೇಖಕಿ 2013ರಲ್ಲಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟಿದ್ದ ಇಪ್ಪತ್ತನೆಯ ಪುಸ್ತಕವನ್ನು ಸ್ನೇಹಿತೆ ಜೋನ್ ಹೆಸ್ ಮುಗಿಸಿ, 2017ರಲ್ಲಿ ಅದು ಪ್ರಕಟವಾಯಿತು. ಪ್ರೀತಿ ಬಂದರೆ ಹೆಣ್ಣಿನ ಕೆಲಸ ಮುಗಿಯಿತೆಂಬ ಭಾವನೆಗೆ ಈ ಇಪ್ಪತ್ತು ಪುಸ್ತಕಗಳಿಗಿಂತ ಒಳ್ಳೆಯ ಉತ್ತರವನ್ನು ನಾನು ಓದಿಲ್ಲ.

ಇನ್ನು ಹೊಸ್ತಿಲಿನ ನಿಯಮಕ್ಕೆ ಬರೋಣ. ಶಾರ್ಲೇನ್ ಹ್ಯಾರಿಸ್ ಬರೆದ ಸೂಕಿ ಸ್ಟ್ಯಾಕ್‌ಹೌಸ್ ಮಾಲೆ 2001ರ ‘ಡೆಡ್ ಅಂಟಿಲ್ ಡಾರ್ಕ್’ನಿಂದ ಆರಂಭವಾಗಿ, 2013ರಲ್ಲಿ ಹದಿಮೂರನೆಯ ಕಾದಂಬರಿಯೊಡನೆ ಮುಗಿಯಿತು. ಅಮೆರಿಕದ ದಕ್ಷಿಣ ಭಾಗದ ಲೂಸಿಯಾನದಲ್ಲಿ ಕಲ್ಪಿಸಿದ ಒಂದು ಚಿಕ್ಕ ಊರು. ಅಲ್ಲಿನ ಪಾನಗೃಹದಲ್ಲಿ ಗಿರಾಕಿಗಳಿಗೆ ಬಡಿಸುವ ಹುಡುಗಿ ಸೂಕಿ. ಅವಳಿಗೆ ಇತರರ ಮನಸ್ಸಿನ ಮಾತು ಕೇಳಿಸುತ್ತದೆ. ವರವೆಂದೀರಿ, ಅವಳ ಪಾಲಿಗೆ ಅದು ಶಾಪ. ಎದುರಿಗೆ ಕುಳಿತ ಗಂಡಸು ತನ್ನನ್ನು ಕುರಿತು ಏನೆಣಿಸುತ್ತಿದ್ದಾನೆಂಬುದು ಕಿವಿಗೆ ಬೀಳುತ್ತಿದ್ದರೆ ಯಾವ ಹುಡುಗಿ ತಾನೇ ನೆಮ್ಮದಿಯಾಗಿ ಊಟ ಮಾಡಬಲ್ಲಳು? ಹೀಗಿರಲು ಒಬ್ಬ ರಕ್ತಪಿಶಾಚಿ ಆ ಪಾನಗೃಹಕ್ಕೆ ಬರುತ್ತಾನೆ. ಅವನ ಮನಸ್ಸು ಮಾತ್ರ ಅವಳಿಗೆ ಕೇಳಿಸುವುದಿಲ್ಲ. ಆ ಮೌನಕ್ಕೇ ಅವಳು ಸೋಲುತ್ತಾಳೆ. ಊರಿನಲ್ಲಿ ಹೆಂಗಸರ ಕೊಲೆಗಳು ನಡೆಯುತ್ತವೆ. ಮನಸ್ಸು ಕೇಳಿಸುವ ನೆರೆಹೊರೆಯವರನ್ನು ನಂಬಬೇಕೆ, ಕೇಳಿಸದ ಪರಕೀಯನನ್ನೆ? ಕೊಲೆಗಾರನ ಹೆಸರು ಹೇಳಿ ರುಚಿ ಕೆಡಿಸುವುದಿಲ್ಲ. ಈ ಪುಸ್ತಕಕ್ಕೆ ರಹಸ್ಯಕಥೆಗಳಿಗೆ ಸಲ್ಲುವ ಆಂತೊನಿ ಪ್ರಶಸ್ತಿ ಬಂದಿತೆಂದರೆ, ಪತ್ತೇದಾರಿ ಓದುಗರೂ ಇದನ್ನು ತಮ್ಮದೆಂದು ಒಪ್ಪಿದರೆಂದಾಯಿತು.

ಈ ಮಾಲೆಯಲ್ಲಿ ಹ್ಯಾರಿಸ್ ಹಳೆಯ ನಿಯಮಕ್ಕೆ ಬಲ ಕೊಟ್ಟಿದ್ದಾಳೆ: ಒಮ್ಮೆ ಕೊಟ್ಟ ಆಹ್ವಾನವನ್ನು ಮನೆಯೊಡತಿ ಹಿಂದಕ್ಕೆ ಪಡೆಯಬಹುದು. 2003ರ ‘ಕ್ಲಬ್ ಡೆಡ್’ನ ಕೊನೆಯಲ್ಲಿ, ಬೇಸತ್ತ ಸೂಕಿ ಬಾಯಿಮಾತಿನಿಂದಲೇ ಆ ಆಹ್ವಾನವನ್ನು ರದ್ದು ಮಾಡುತ್ತಾಳೆ. ಮಹಾ ಬಲಶಾಲಿಗಳಾದ ಇಬ್ಬರು ರಕ್ತಪಿಶಾಚಿಗಳು ಮರುಮಾತಿಲ್ಲದೆ ಬಾಗಿಲಿನಿಂದ ಹೊರಕ್ಕೆ ನಡೆಯಬೇಕಾಗುತ್ತದೆ. ಓದುಗಳಾದ ನನಗೆ ಇಡೀ ಮಾಲೆಯಲ್ಲಿ ಅತಿ ಹೆಚ್ಚು ಆನಂದ ಕೊಟ್ಟ ಪ್ರಸಂಗ ಇದು.

ಈ ಜಾತಿಯ ಪುಸ್ತಕಗಳೆಲ್ಲ ಒಳ್ಳೆಯವೆಂದು ನಾನು ವಾದಿಸುವುದಿಲ್ಲ. 2005ರಲ್ಲಿ ಹೊರಬಂದು ಲೋಕಪ್ರಸಿದ್ಧವಾದ ‘ಟ್ವೈಲೈಟ್’ನಲ್ಲಿ ರಕ್ತಪಿಶಾಚಿಯಾದ ನಾಯಕ, ಹುಡುಗಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು, ಅವಳು ಮಲಗಿರುವುದನ್ನು ನೋಡುತ್ತ ಕೂರುತ್ತಾನೆ. ಅದನ್ನು ಪ್ರೇಮವೆಂದು ಕಥೆ ಹೇಳುತ್ತದೆ. ಇಲ್ಲಿ ಹೊಸ್ತಿಲೂ ಇಲ್ಲ, ಕೇಳುವವರೂ ಇಲ್ಲ. ಆದ್ದರಿಂದ ಪುಸ್ತಕವನ್ನು ಆರಿಸುವಾಗ ನಾನು ಎರಡು ಸಂಗತಿಗಳನ್ನು ನೋಡುತ್ತೇನೆ: ನಾಯಕಿಗೆ ಪ್ರಶ್ನೆ ಕೇಳುವ ಅಧಿಕಾರವಿದೆಯೆ? ಬಾಗಿಲು ಮುಚ್ಚುವ ಅಧಿಕಾರವಿದೆಯೆ?

ಇದು ಪಶ್ಚಿಮದವರ ಹುಚ್ಚು, ನಮಗೇಕೆ ಎನ್ನುವವರು ಗಿರೀಶ್ ಕಾರ್ನಾಡರ ‘ನಾಗಮಂಡಲ’ವನ್ನು ನೆನೆಯಬೇಕು. 1988ರ ಈ ನಾಟಕಕ್ಕೆ ಆಧಾರ ಎ. ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಗಳು. ಹಗಲಿನ ಗಂಡ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕುತ್ತಾನೆ. ರಾತ್ರಿ ಗಂಡನ ರೂಪದಲ್ಲಿ ನಾಗ ಬರುತ್ತಾನೆ. ಒಬ್ಬ ನಿಷ್ಠುರ, ಇನ್ನೊಬ್ಬ ಪ್ರೇಮಿ. ಆದರೆ ಪ್ರಶ್ನೆ ಕೇಳಬೇಡವೆಂಬ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ರಾಣಿಯನ್ನು ಕಾಡುವುದೂ ಅದೇ.

ಪ್ರಶ್ನೆ ಕೇಳಬೇಡವೆಂಬುದು ನಾಟಕದಲ್ಲಷ್ಟೇ ಉಳಿದಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ನಮ್ಮ ತರಗತಿಯ ಎಷ್ಟೋ ಮಂದಿಗೆ ಪದವಿ ಮುಗಿಯುವುದರೊಳಗೆ ವರಾನ್ವೇಷಣೆ ಆರಂಭವಾಗುತ್ತದೆ. ಉಪ್ಪಿಟ್ಟು ಕೇಸರೀಬಾತಿನ ಅರ್ಧ ಗಂಟೆಯಲ್ಲಿ ಎಲ್ಲರೂ ಹುಡುಗಿಯನ್ನು ಪ್ರಶ್ನಿಸುತ್ತಾರೆ. ಹುಡುಗಿ ಒಂದು ಪ್ರಶ್ನೆ ಕೇಳಿದರೆ ಮಾತ್ರ ಬಾಯಿ ಹೆಚ್ಚಾಯಿತೆನ್ನುತ್ತಾರೆ. ಪರಿಚಯವಿಲ್ಲದ ಒಂದು ಮನೆಗೆ, ಪರಿಚಯವಿಲ್ಲದ ಒಬ್ಬನನ್ನು ನಂಬಿ ಹೋಗಬೇಕಾದವಳಿಗೆ ಎಮಿಲಿಯ ಕೋಟೆ ಬಹು ದೂರದ್ದೇನಲ್ಲ. ಈ ಕಥೆಗಳನ್ನು ಓದಿದವಳಿಗೆ ಒಳ್ಳೆಯ ಗಂಡನೇ ಸಿಕ್ಕುತ್ತಾನೆಂದು ಹೇಳಲಾರೆ. ಆದರೆ ಕೇಳಬೇಕಾದ್ದನ್ನು ಕೇಳುವ ಅಭ್ಯಾಸ ಮನಸ್ಸಿಗೆ ಆಗುತ್ತದೆ. ಇದು ಸಣ್ಣ ಲಾಭವಲ್ಲ.

ಓದಲು ಮನಸ್ಸು ಮಾಡುವ ಸಹಪಾಠಿಗಳು ‘ಉಡಾಲ್ಫೊ’ದಿಂದ ತೊಡಗುವುದು ಬೇಡ, ಅದು ಬಹಳ ದೀರ್ಘ. ‘ನಾರ್ಥ್ಯಾಂಗರ್ ಅಬೆ’ಯಿಂದ ಆರಂಭಿಸಿ, ‘ಜೇನ್ ಐರ್’ ಮುಗಿಸಿ, ಆಮೇಲೆ ಅಮೀಲಿಯಾಳ ಜೊತೆಯಲ್ಲಿ ಈಜಿಪ್ಟಿಗೆ ಹೊರಡಲಿ. ಗುರುಹಿರಿಯರಲ್ಲಿಯೂ ಒಂದು ವಿನಂತಿ: ವಿದ್ಯಾರ್ಥಿನಿಯೊಬ್ಬಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಿತ್ತಿಡುವ ಮೊದಲು, ಕೊಲೆ ಮಾಡಿದವನು ಯಾರೆಂದು ಅವಳ ಊಹೆಯನ್ನು ಒಮ್ಮೆ ಕೇಳಿ ನೋಡಬೇಕು.