ಸರ್ವಾಧಿಕಾರದ ಸಾಕ್ಷ್ಯಚಿತ್ರಗಳಲ್ಲಿ ಅಂಚಿನ ಜನ: ವೆಸ್ಟರ್‌ಬೋರ್ಕ್ ಚಿತ್ರದ ಒಂದು ಮುಖ

ಸರ್ವಾಧಿಕಾರವನ್ನು ಕುರಿತ ಸಾಕ್ಷ್ಯಚಿತ್ರಗಳಿಗೆ ಒಂದು ವಿಚಿತ್ರವಾದ ಪರಾಧೀನತೆಯುಂಟು. ದಬ್ಬಾಳಿಕೆಗೆ ಸಿಕ್ಕಿದವರ ಕೈಯಲ್ಲಿ ಕ್ಯಾಮರಾ ಇರುವುದು ಅಪೂರ್ವ. ಅದು ಆಳುವವರ ಸ್ವತ್ತು. ಆದುದರಿಂದ ಮುಂದಿನ ಕಾಲದ ನಿರ್ದೇಶಕನು ಎಷ್ಟೇ ಸದುದ್ದೇಶವುಳ್ಳವನಾದರೂ, ಪೀಡಿತರನ್ನು ಬಹುಮಟ್ಟಿಗೆ ಪೀಡಕರು ತೆಗೆಯಿಸಿದ ಚಿತ್ರಗಳ ಮೂಲಕವೇ ತೋರಿಸಬೇಕಾಗುತ್ತದೆ. ಇದರಿಂದ ಅಂಚಿನ ಸಮುದಾಯಗಳಿಗೆ ಏನಾಗುತ್ತದೆಂಬುದನ್ನು ಒಂದು ನಿದರ್ಶನವನ್ನು ಹಿಡಿದು ಪರಿಶೀಲಿಸಲು ಇಲ್ಲಿ ಯತ್ನಿಸುತ್ತೇವೆ.

ನಾಜಿ ಜರ್ಮನಿಯ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಈಶಾನ್ಯ ಭಾಗದಲ್ಲಿ ವೆಸ್ಟರ್‌ಬೋರ್ಕ್ ಎಂಬ ಬಂಧನಶಿಬಿರವಿದ್ದಿತು. ಅಲ್ಲಿಂದ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು, ಬಹುತೇಕ ಯಹೂದಿಗಳನ್ನು, ರೈಲುಗಳಲ್ಲಿ ತುಂಬಿ ಆಶ್ವಿಟ್ಸ್ ಮೊದಲಾದ ಶಿಬಿರಗಳಿಗೆ ಸಾಗಿಸಲಾಯಿತು. 1944ರಲ್ಲಿ ಶಿಬಿರಾಧಿಪತಿ ಗೆಮ್ಮೆಕರನು ಅಲ್ಲಿಯ ಜೀವನವನ್ನು ಚಲಚ್ಚಿತ್ರದಲ್ಲಿ ಹಿಡಿಯುವಂತೆ ಆಜ್ಞಾಪಿಸಿದನು. ತೆಗೆದವನು ರುಡಾಲ್ಫ್ ಬ್ರೆಸ್ಲಾವರ್. ವೃತ್ತಿಯಿಂದ ಛಾಯಾಗ್ರಾಹಕ, ಅದೇ ಶಿಬಿರದ ಯಹೂದಿ ಕೈದಿ. ಮುಂದೆ ಆತನನ್ನೂ ಆಶ್ವಿಟ್ಸ್‌ಗೆ ಕಳುಹಿಸಲಾಯಿತು. ಆತ ಮರಳಿ ಬರಲಿಲ್ಲ. ಚಿತ್ರದಲ್ಲಿ ಕಾಣುವುದು ಕಾರ್ಖಾನೆಯ ದುಡಿಮೆ, ಹಲ್ಲಿನ ವೈದ್ಯನ ಕೊಠಡಿ, ರಂಗಮಂದಿರದ ವಿನೋದ. ಎಲ್ಲವೂ ಸುವ್ಯವಸ್ಥಿತ. ಇವುಗಳ ನಡುವೆ ರೈಲು ಹೊರಡುವ ದೃಶ್ಯವೊಂದಿದೆ. ಸರಕುಬಂಡಿಯ ಬಾಗಿಲ ಸಂದಿನಿಂದ, ತಲೆಗೆ ಬಟ್ಟೆ ಸುತ್ತಿಕೊಂಡ ಹುಡುಗಿಯೊಬ್ಬಳು ಸುಮಾರು ಏಳು ಸೆಕೆಂಡುಗಳ ಕಾಲ ಹೊರಗೆ ನೋಡುತ್ತಾಳೆ.

ವೆಸ್ಟರ್‌ಬೋರ್ಕಿನ ಈ ರೈಲಿನ ದೃಶ್ಯಗಳನ್ನು ಫ್ರಾನ್ಸಿನ ಅಲೆನ್ ರೆನೆ 1956ರಲ್ಲಿ ತೆರೆಗೆ ಬಂದ ತಮ್ಮ ‘ಇರುಳು ಮತ್ತು ಮಂಜು’ ಚಿತ್ರದಲ್ಲಿ ಬಳಸಿದರು. ಆ ಹುಡುಗಿಯ ಮುಖವು ಹಲವು ದಶಕಗಳ ಕಾಲ ಯಹೂದಿ ಜನಾಂಗದ ಯಾತನೆಯ ಪ್ರತೀಕವಾಗಿ ಪ್ರಚಾರದಲ್ಲಿದ್ದಿತು. ಆಕೆ ಯಾರೆಂಬುದು ಗೊತ್ತಾದದ್ದು 1994ರಲ್ಲಿ. ಡಚ್ ಪತ್ರಕರ್ತ ಆಡ್ ವಾಗೆನಾರ್ ಬಂಡಿಯ ಮೇಲಣ ಸಂಖ್ಯೆಯಿಂದ ತೊಡಗಿ, ಅದೇ ಬಂಡಿಯಲ್ಲಿದ್ದು ಬದುಕುಳಿದಿದ್ದ ಮಹಿಳೆಯೊಬ್ಬರವರೆಗೆ ಹೋದರು. ಬಾಗಿಲಿನಿಂದ ಈಚೆಗೆ ಬಾ ಎಂದು ತಾಯಿಯು ಮಗಳನ್ನು ಹೆಸರು ಹಿಡಿದು ಕೂಗಿದ್ದು ಆಕೆಗೆ ನೆನಪಿದ್ದಿತು. ಹುಡುಗಿಯ ಹೆಸರು ಸೆಟೆಲಾ ಸ್ಟೈನ್‌ಬಾಖ್. ಯಹೂದಿಯಲ್ಲ, ಸಿಂತಿ, ಎಂದರೆ ಯೂರೋಪಿನವರು ಜಿಪ್ಸಿಗಳೆಂದು ಕರೆಯುತ್ತ ಬಂದ ರೋಮಾ ಜನರ ಒಂದು ಪಂಗಡಕ್ಕೆ ಸೇರಿದವಳು. (ಈ ಜನರ ನುಡಿಯು ಇಂಡೋ-ಆರ್ಯ ವರ್ಗದ್ದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಲಕ್ಷಿಸಬೇಕು, ಇವರ ಪೂರ್ವಿಕರು ಹೊರಟದ್ದು ಭಾರತದಿಂದ.) ಶಿಬಿರದಲ್ಲಿ ಆಕೆಯ ತಲೆ ಬೋಳಿಸಿದ್ದರು, ಬಟ್ಟೆ ಸುತ್ತಿದ್ದು ಅದನ್ನು ಮರೆಸಲು. 1944ರ ಮೇ 19ರಂದು ಆ ರೈಲಿನಲ್ಲಿ ಹೋದ ರೋಮಾ ಮತ್ತು ಸಿಂತಿಗಳು 245 ಮಂದಿ. ಒಂಬತ್ತು ವರ್ಷದ ಸೆಟೆಲಾ ಅದೇ ವರ್ಷ ಆಶ್ವಿಟ್ಸ್‌ನಲ್ಲಿ ಹತಳಾದಳು.

ಇಲ್ಲಿ ಯಾರೂ ಬೇಕೆಂದು ವಂಚಿಸಲಿಲ್ಲ. ಯಹೂದಿಗಳ ದುರಂತವು ಇದರಿಂದ ಎಳ್ಳಷ್ಟೂ ಕಿರಿದಾಗುವುದಿಲ್ಲ. ಆದರೂ ಚಿತ್ರವು ಮುಖವನ್ನು ಪ್ರತೀಕವಾಗಿಸಿದೊಡನೆ ಹೆಸರನ್ನು ಕೇಳುವ ಅಗತ್ಯವೇ ಉಳಿಯಲಿಲ್ಲ. ಹೆಸರಿಲ್ಲದಿರುವುದು ಬರಿಯ ಭಾವನೆಯ ಪ್ರಶ್ನೆಯೂ ಅಲ್ಲ. ರೆನೆಯವರ ಚಿತ್ರ ತೆರೆ ಕಂಡ 1956ರಲ್ಲಿಯೇ ಪಶ್ಚಿಮ ಜರ್ಮನಿಯ ಒಕ್ಕೂಟ ನ್ಯಾಯಾಲಯವು, 1943ಕ್ಕೆ ಮುಂಚೆ ಜಿಪ್ಸಿಗಳ ಮೇಲೆ ಕೈಗೊಂಡ ಕ್ರಮಗಳು ಜನಾಂಗದ್ವೇಷದಿಂದ ಹುಟ್ಟಿದವಲ್ಲವೆಂದು ತೀರ್ಪಿತ್ತು, ಪರಿಹಾರದ ದಾರಿಯನ್ನು ಬಹುವಾಗಿ ಮುಚ್ಚಿತು. ನಡೆದದ್ದು ಜನಾಂಗಹತ್ಯೆಯೆಂದು ಅಲ್ಲಿಯ ಸರ್ಕಾರವು ಒಪ್ಪಿದ್ದು 1982ರಲ್ಲಿ. ಲೋಕವೆಲ್ಲ ನೋಡಿದ್ದ ಮುಖವೊಂದು ಆ ಜನರದೇ ಆಗಿದ್ದರೂ, ಅವರ ಪರವಾಗಿ ಸಾಕ್ಷಿ ನುಡಿಯಲಾರದೆ ಹೋಯಿತು.

ಈ ಪರಾಧೀನತೆಯಿಂದ ಬಿಡಿಸಿಕೊಳ್ಳುವ ಯತ್ನಗಳು ಆಗಿವೆ. ಕಾಂಬೋಡಿಯದ ರಿಥಿ ಪಾನ್, ಖ್ಮೇರ್ ರೂಜ್ ಆಡಳಿತದಲ್ಲಿ (1975–79) ತಮ್ಮವರು ಅಳಿದುದನ್ನು ತೋರಿಸುವ ಚಿತ್ರಗಳೇ ಇಲ್ಲವಾದಾಗ, 2013ರಲ್ಲಿ ಮಣ್ಣಿನ ಬೊಂಬೆಗಳನ್ನು ಮಾಡಿಸಿ ಆ ತೆರವನ್ನು ತುಂಬಿದರು. ಜರ್ಮನಿಯ ಹರೂನ್ ಫಾರೋಕಿಯವರ ಮಾರ್ಗ ಬೇರೆ. 2007ರ ‘ಔಫ್‌ಶೂಬ್’ ಚಿತ್ರದಲ್ಲಿ ಅವರು ಬ್ರೆಸ್ಲಾವರನ ದೃಶ್ಯಗಳಿಗೆ ಸಂಗೀತವನ್ನಾಗಲಿ ಮಾತನ್ನಾಗಲಿ ಸೇರಿಸದೆ, ಬರಹದ ಫಲಕಗಳನ್ನು ಮಾತ್ರ ಇಟ್ಟು, ಅವನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ಮೂಕದೃಶ್ಯಕ್ಕೆ ಹೊರಗಿನಿಂದ ಶೋಕವನ್ನು ತೊಡಿಸದ ಈ ಸಂಯಮವೇ ನಮಗೆ ಹೆಚ್ಚು ಉಪಾದೇಯವೆನಿಸುತ್ತದೆ. ಆ ಚಿತ್ರದಲ್ಲೆಲ್ಲ ಸಮೀಪದಿಂದ ತೆಗೆದ ಮುಖ ಸೆಟೆಲಾಳದು ಮಾತ್ರವೆಂದು ಫಾರೋಕಿ ಗುರುತಿಸುತ್ತಾರೆ; ಆ ಮುಖದಲ್ಲಿ ಕಂಡ ಭೀತಿಯಿಂದಲೇ ಛಾಯಾಗ್ರಾಹಕನು ಬೇರಾವ ಮುಖದ ಹತ್ತಿರಕ್ಕೂ ಹೋಗದಿದ್ದಿರಬಹುದೆಂಬುದು ಅವರ ಊಹೆ. ನಮಗೆ ಇನ್ನೊಂದು ಸಂಗತಿಯೂ ಗಮನಾರ್ಹವಾಗಿ ತೋರುತ್ತದೆ: ಮೃತ್ಯುವಿನ ಅದೇ ಸಾಲಿನಲ್ಲಿ ನಿಂತಿದ್ದ ಯಹೂದಿ ಕೈದಿಯೇ ಆ ಸಿಂತಿ ಹುಡುಗಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು.